ಡಬ್ಬಿಗೆ ಬಿದ್ದ ದಾಸಪ್ಪ

ಮಾಗಡಿಯಲ್ಲಿ ನಿಂತು ವೃಷಭೇಂದ್ರಪ್ಪನವರ ಅಂಗಡಿ ಯಾವುದು ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಕಟ್ಟಿನಂಗಡಿ ಅಪ್ಪಾಜಿ ಅನ್ನಿ, ಬಸ್ ಸ್ಟ್ಯಾಂಡಿನಲ್ಲಿ ಎಳನೀರು ಕೆತ್ತುವವನು ಮಚ್ಚಿನ ತುದಿಯಲ್ಲೇ ದಾರಿ ತೋರಿಸುತ್ತಾನೆ. ಫೋಟೋಗೆ ಗಾಜು ಕೂರಿಸಿ ಕಟ್ಟು ಹಾಕಿಕೊಡುವುದು ಅವರ ಕಸುಬು. ಅವರ ಅಪ್ಪನದೂ ಅದೇ ಕಸುಬು. ಅರವತ್ತಮೂರು ವರ್ಷದ ಬಾಳಿನಲ್ಲಿ ನಲವತ್ತೊಂದು ವರ್ಷ ಆ ಹತ್ತಡಿ ಅಂಗಡಿಯ ಮರದ ಮೇಜಿನ ಮುಂದೆಯೇ ಕಳೆದಿದೆ. ಮದುವೆ ಫೋಟೋ, ಸ್ಕೂಲಿನ ಗ್ರೂಪ್ ಫೋಟೋ ಎಲ್ಲ ಬರುತ್ತವೆ ನಿಜ. ಆದರೆ ಅವರಿಗೆ ಅನ್ನ ಹಾಕುತ್ತಾ ಬಂದವರು ದೇವರು ಮತ್ತು ಸತ್ತವರು, ಇವರಿಬ್ಬರೇ.

ದೇವರ ವಿಚಾರಕ್ಕೆ ಬಂದರೆ ಅಪ್ಪಾಜಿಗೆ ಒಂದು ಹಟ. ಗಾಜು ಒಡೆದ, ಗೆದ್ದಲು ಹತ್ತಿದ ದೇವರ ಫೋಟೋವನ್ನು ಮನೆಯಲ್ಲಿ ಇಟ್ಟುಕೊಳ್ಳಲು ಜನಕ್ಕೆ ಭಯ, ಕಸಕ್ಕೆ ಹಾಕಲು ಇನ್ನೂ ಭಯ. ಹಾಗಾಗಿ ಅಂಗಡಿ ತೆರೆಯುವ ಮುಂಚೆಯೇ ತಂದು ಇವರ ಬಾಗಿಲಿಗೆ ಒರಗಿಸಿ ಮಾಯವಾಗುತ್ತಾರೆ. ಅಪ್ಪಾಜಿ ಬೈದುಕೊಳ್ಳುತ್ತಲೇ ಅದನ್ನೆಲ್ಲ ಒಳಗೆ ಸೇರಿಸುತ್ತಾರೆ. ತಿಂಗಳ ಕೊನೆಯ ಸೋಮವಾರ ಕಟ್ಟು ಬಿಚ್ಚಿ, ಮೊಳೆ ಕಿತ್ತು, ಹಾಳೆಗೆ ಒಂದು ಚಿಟಿಕೆ ವಿಭೂತಿ ಹಚ್ಚಿ, ಮೊಪೆಡ್ಡಿನಲ್ಲಿ ಕೆರೆ ಏರಿಯ ಅರಳಿಮರದ ಹತ್ತಿರ ಒಯ್ದು ಬುಡದಲ್ಲಿ ಮಣ್ಣು ಮಾಡಿ ಬರುತ್ತಾರೆ. ಬೇರೆಯವರು ಗಾಜಿನ ಸಮೇತ ಎಸೆದು ಹೋಗಿರುವುದನ್ನು ಕಂಡರೆ ಮೈ ಉರಿಯುತ್ತದೆ. ಪೂಜೆ ಮಾಡಿಸಿಕೊಂಡ ಮುಖವನ್ನು ಕಸದ ಜೊತೆ ಸೇರಿಸಬಾರದು, ಅದರಲ್ಲಿ ಮಾತೇ ಇಲ್ಲ.

ಈ ಹಟ ಫೋನಿಗೂ ಬಂತು ನೋಡಿ, ಎಡವಟ್ಟಾಗಿದ್ದು ಅಲ್ಲೇ.

ಈಗೆಲ್ಲ ಫೋಟೋ ಹಿಡಿದುಕೊಂಡು ಯಾರು ಬರುತ್ತಾರೆ? ವಾಟ್ಸಾಪ್ ಮಾಡುತ್ತಾರೆ. ಅಪ್ಪಾಜಿ ಅದನ್ನು ರಾಮನಗರದಲ್ಲಿ ಫೋಟೋ ಲ್ಯಾಬ್ ಇಟ್ಟಿರುವ ಓವೈಸನಿಗೆ ಕಳಿಸುತ್ತಾರೆ. ಅವನು ದೊಡ್ಡದು ಮಾಡಿ, ಪ್ರಿಂಟು ತೆಗೆದು, ಸುರುಳಿ ಸುತ್ತಿ ಮಾಗಡಿ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಾನೆ. ಇದಕ್ಕೆಂದೇ ಎರಡು ವರ್ಷದ ಹಿಂದೆ ಅಪ್ಪಾಜಿ ಒಂದು ಅಗ್ಗದ ಟಚ್ ಫೋನು ಕೊಂಡರು. ಮೂವತ್ತೆರಡು ಜಿಬಿ ಎಂದು ಬಾಕ್ಸಿನ ಮೇಲೆ ಬರೆದಿತ್ತು. ಅದರಲ್ಲಿ ಅರ್ಧವನ್ನು ಫೋನೇ ನುಂಗಿ ಕೂತಿತ್ತು. ಉಳಿದ ಅರ್ಧಕ್ಕೆ ಬೆಳಿಗ್ಗೆ ಐದು ಗಂಟೆಯಿಂದ ದೇವರುಗಳ ಸವಾರಿ ಶುರುವಾಗುತ್ತಿತ್ತು. ಶುಭೋದಯದ ಶಿವ, ಶುಭ ಸೋಮವಾರದ ಶಿವ, ಹಿಮ ಸುರಿಯುವ ಕೈಲಾಸದ ವಿಡಿಯೋ. ನೆಂಟರದೊಂದು ಗ್ರೂಪು, ಮಠದ ಭಕ್ತರದೊಂದು ಗ್ರೂಪು, ಕಟ್ಟು ಹಾಕುವ ಕಸುಬಿನವರದೇ ಇನ್ನೊಂದು. ಶಿವರಾತ್ರಿ ಬಂತೆಂದರೆ ಫೋನು ಕಾದ ಹೆಂಚಿನಂತೆ ಬಿಸಿಯಾಗುತ್ತಿತ್ತು.

ಕಳೆದ ತಿಂಗಳು ಫೋನು ಮೊಂಡು ಹಿಡಿಯಿತು. ಜಾಗ ಸಾಲದು, ಏನಾದರೂ ಅಳಿಸಿ ಎಂದು ಘಳಿಗೆಗೊಮ್ಮೆ ಹೇಳತೊಡಗಿತು. ಅಪ್ಪಾಜಿ ಗ್ಯಾಲರಿ ತೆರೆದು ಒಬ್ಬ ಶಿವನ ಮೇಲೆ ಬೆರಳಿಟ್ಟರು. ಕೆಳಗೆ ಮೂಡಿದ್ದು ಕಸದ ಡಬ್ಬಿಯ ಚಿತ್ರ. ಶಿವನನ್ನು ಕಸದ ಡಬ್ಬಿಗೆ ಹಾಕುವುದೇ? ಬೆಂಕಿ ಮುಟ್ಟಿದ ಹಾಗೆ ಬೆರಳು ಹಿಂದಕ್ಕೆ ಬಂತು. ಯೋಚನೆ ಮಾಡಿ ತಾವೇ ಒಂದು ದಾರಿ ಕಂಡುಕೊಂಡರು. ದೇವರು ಬಂದಲ್ಲಿ ಬೆರಳೆತ್ತುವುದು, ಮನುಷ್ಯರು ಬಂದಲ್ಲಿ ಒತ್ತುವುದು. ಕೆಲಸ ಮುಗಿದ ಗಿರಾಕಿಗಳ ಫೋಟೋ ತಾನೇ, ಕಟ್ಟು ಹಾಕಿ ಕೊಟ್ಟಾಗಿದೆ, ಅವರವರ ಮನೆ ಗೋಡೆ ಮೇಲೆ ನೇತಾಡುತ್ತಿವೆ. ಹೀಗೆ ಒಂದು ಮಧ್ಯಾಹ್ನವೆಲ್ಲ ಕೂತು ಒಂಬೈನೂರು ಚಿಲ್ಲರೆ ಜನರನ್ನು ಡಬ್ಬಿಗೆ ಹಾಕಿದರು. ಕಡಲೆಕಾಳಿನಷ್ಟಿದ್ದ ಚಿತ್ರಗಳಲ್ಲಿ ಯಾರು ಯಾರೆಂದು ನೋಡಲು ಹೋಗಲಿಲ್ಲ. ಅಷ್ಟು ಮಾಡಿದರೂ ಜಾಗ ಆಗಲೇ ಇಲ್ಲ ಅನ್ನುವುದೇ ವಿಚಿತ್ರ. ಸೋವಿ ಮಾಲು ಎಂದು ಫೋನಿಗೆ ಬೈದು, ಒಂದೆರಡು ಆ್ಯಪು ಕಿತ್ತು ಹಾಕಿ, ಹೇಗೋ ದಿನ ತಳ್ಳಿದರು.

ಮೊನ್ನೆ ಗುರುವಾರ ಮಧ್ಯಾಹ್ನ ಎರಡೂವರೆಗೆ ರಮ್ಯಾ ಬಂದಳು, ಕೂಟಗಲ್ ಹತ್ತಿರದ ಹಳ್ಳಿಯ ದಾಸಪ್ಪನ ಮಗಳು. ಒಳಗೆ ಬಾರವ್ವ ಅಂದರೂ ಬರಲಿಲ್ಲ. ಗೋಡೆ ತುಂಬ ದೇವರಿದ್ದಾರೆ, ನಮಗೆ ಸೂತಕ ಎಂದು ಮೆಟ್ಟಿಲ ಕೆಳಗೇ ನಿಂತಳು. ದಾಸಪ್ಪ ತೀರಿಹೋಗಿ ಹತ್ತು ದಿನವಾಯಿತೆಂದು ಅಪ್ಪಾಜಿಗೆ ಗೊತ್ತಾಗಿದ್ದೇ ಆಗ.

"ನಾಳೀಕೆ ತಿಥಿ ಅಪ್ಪಾಜಿ," ಅಂದಳು. "ಫೋಟೋ ಎಲ್ಲೂ ಹುಡುಕ್ಬ್ಯಾಡಿ, ಮಾಗಡಿ ಅಪ್ಪಾಜಿತಾವ ಕೊಟ್ಟಿವ್ನಿ ಅಂತ ನಮ್ಮಪ್ಪ ಹೇಳಿತ್ತು. ನಮ್ಮವ್ವ ಅದೊಂದೇ ಧೈರ್ಯದ ಮೇಲವ್ಳೆ."

ಮನೆಯಲ್ಲಿ ಬೇರೆ ಫೋಟೋ ಇಲ್ಲವಂತೆ. ದಾಸಪ್ಪನ ಫೋನಿನ ಲಾಕು ಯಾರಿಗೂ ಗೊತ್ತಿಲ್ಲದೆ, ಬಿಚ್ಚಿಸಲು ಕೊಟ್ಟರೆ ಅಂಗಡಿಯವನು ಒಳಗಿದ್ದದ್ದನ್ನೆಲ್ಲ ಒರೆಸಿ ಖಾಲಿ ಫೋನು ಕೈಗಿಟ್ಟನಂತೆ. ಉಳಿದಿರುವುದು ಆಧಾರ್ ಕಾರ್ಡಿನದು. ಅದನ್ನು ನೋಡಿ ಅವಳ ತಾಯಿ ಚಿಕ್ಕಲಕ್ಷ್ಮಮ್ಮ, ಇದ್ಯಾರೋ ಸಿಕ್ಕಿಬಿದ್ದ ಕಳ್ಳನಂಗವ್ನೆ, ಇದಕ್ಕೆ ನಾನು ಹೂವ ಹಾಕಕ್ಕಿಲ್ಲ ಅಂದುಬಿಟ್ಟಳಂತೆ.

ಅಪ್ಪಾಜಿ ಒಂದು ಕ್ಷಣವೂ ಯೋಚಿಸಲಿಲ್ಲ. "ನೀನು ನಡಿಯವ್ವ. ನಾಳೆ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ನಾನೇ ತಗೊಂಡು ಬತ್ತೀನಿ," ಅಂದರು. ಅವಳು ಕೈ ಮುಗಿದು ಹೋದಳು.

ದಾಸಪ್ಪ ಬರೀ ಗಿರಾಕಿಯಾಗಿರಲಿಲ್ಲ. ರೇಷ್ಮೆ ಬೆಳೆಯುತ್ತಿದ್ದ ಮನುಷ್ಯ. ಬೆಳೆ ಕೈ ಹಿಡಿದಾಗಲೆಲ್ಲ ಗೂಡು ಮಾರಿ ವಾಪಸ್ ಹೋಗುವಾಗ ಒಂದು ದೇವರ ಫೋಟೋ ಕಟ್ಟಿಸುತ್ತಿದ್ದ. ಮೂವತ್ತು ವರ್ಷದಲ್ಲಿ ಇಪ್ಪತ್ತೆರಡು ದೇವರಾದವು, ಅಂದರೆ ಎಷ್ಟು ಬೆಳೆ ಕೈ ಕೊಟ್ಟಿತೆಂದು ನೀವೇ ನೋಡಿ. ಅಂಗಡಿಯಲ್ಲಿ ಕೂತರೆ ನಗುತ್ತಲೇ ಇರುತ್ತಿದ್ದ, ಕ್ಯಾಮರಾ ಕಂಡರೆ ಮಾತ್ರ ಮರದ ಹಾಗೆ ಸೆಟೆದುಕೊಳ್ಳುತ್ತಿದ್ದ. ಅಂಥವನು ಮೂರು ತಿಂಗಳ ಹಿಂದೆ ತನ್ನದೇ ಫೋಟೋವೊಂದನ್ನು ವಾಟ್ಸಾಪಿನಲ್ಲಿ ಕಳಿಸಿ, ಜೊತೆಗೆ ಮಾತನ್ನೂ ಹೇಳಿ ಕಳಿಸಿದ್ದ. "ಅಪ್ಪಾಜಿ, ಇದೊಂದು ಮಡಿಕ್ಕೊಂಡಿರಿ. ಬೇಕಾದಾಗ ಮನೆಯೋರು ಬತ್ತಾರೆ." ಅಪ್ಪಾಜಿ ತಕ್ಷಣ ಫೋನು ಮಾಡಿ ಚೆನ್ನಾಗಿ ಉಗಿದಿದ್ದರು. ಎಂಥ ಮಾತಾಡ್ತೀಯಲಾ, ನೀನೇ ಬಂದು ತಗೊಂಡೋಗು ಅಂದಿದ್ದರು. ಅವನು ನಕ್ಕು, ಆಯ್ತು ಬುಡಿ ಅಂದಿದ್ದ. ಅವನ ಹೊಟ್ಟೆಯಲ್ಲಿ ಗೆಡ್ಡೆ ಬೆಳೆಯುತ್ತಿತ್ತೆಂದು ರಮ್ಯಾ ಬಂದು ಹೇಳುವವರೆಗೆ ಇವರಿಗೇನು ಗೊತ್ತು.

ರಮ್ಯಾ ಬೀದಿ ತಿರುಗಿದ ಮೇಲೆ ಅಪ್ಪಾಜಿ ಕನ್ನಡಕ ಹಾಕಿಕೊಂಡು ದಾಸಪ್ಪನ ಚಾಟು ತೆರೆದರು. ಫೋಟೋ ಇರಬೇಕಾದ ಜಾಗದಲ್ಲಿ ಮಬ್ಬು ಮಬ್ಬಾದ ಒಂದು ಚೌಕ ಮಾತ್ರ ಇತ್ತು. ಯಾರೋ ನಿಂತಿದ್ದಾರೆ ಅನ್ನುವುದಷ್ಟೇ ಕಾಣುತ್ತದೆ, ಮೂಲೆಯಲ್ಲಿ ಏನೋ ಕಪ್ಪು. ಒತ್ತಿದರು. ಈ ಚಿತ್ರ ಈಗ ನಿಮ್ಮ ಫೋನಿನಲ್ಲಿಲ್ಲ, ಕಳಿಸಿದವರನ್ನೇ ಮತ್ತೆ ಕಳಿಸಲು ಕೇಳಿ ಎಂದು ಬಂತು.

ಕಳಿಸಿದವನನ್ನು ಎಲ್ಲಿಗೆ ಹೋಗಿ ಕೇಳುವುದು? ಗ್ಯಾಲರಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲಕ್ಕೆ ತಡಕಾಡಿದರು. ಶಿವ, ಶಿವ, ಪಾರ್ವತಿ, ಗಣಪತಿ, ಮತ್ತೆ ಶಿವ. ಒಬ್ಬ ಮನುಷ್ಯನೂ ಇಲ್ಲ. ಆಗ ಆ ಮಧ್ಯಾಹ್ನ ನೆನಪಾಯಿತು. ಮನುಷ್ಯರು ಬಂದಲ್ಲಿ ಒತ್ತುತ್ತಾ ಹೋದದ್ದು ನೆನಪಾಯಿತು. ಬದುಕಿದ್ದ ದಾಸಪ್ಪನನ್ನೂ ಕೆಲಸ ಮುಗಿದವರ ಜೊತೆ ಒತ್ತಿಬಿಟ್ಟಿದ್ದರು.

ಅಂಗಡಿಯ ಮೂಲೆಯಲ್ಲಿ ಹೆಂಡತಿ ಗಿರಿಜಾಂಬ ಕಟ್ಟುಗಳ ಹಿಂದೆ ಕೊಕ್ಕೆ ಬಡಿದು ದಾರ ಕಟ್ಟುತ್ತಿದ್ದರು. ಮೂವತ್ತೈದು ವರ್ಷದಿಂದ ಆ ಕೆಲಸ ಅವರದೇ. ಗಂಡನ ಮುಖ ನೋಡಿ, ಬಿಪಿ ಮಾತ್ರೆ ತಗೊಂಡ್ರಾ ಎಂದು ಕೇಳಿದರು. ಅಪ್ಪಾಜಿ ಹೇಳಲೂ ಆಗದೆ ಬಿಡಲೂ ಆಗದೆ ಎದ್ದು, ಎದುರಿಗಿನ ಮೊಬೈಲ್ ಅಂಗಡಿಗೆ ನಡೆದರು. ಷಟರ್ ಎಳೆದಿತ್ತು, ಮದುವೆಗೆ ಹೋಗಿದ್ದೇವೆ ಎಂದು ಚೀಟಿ ಅಂಟಿಸಿತ್ತು. ವಾಪಸ್ ಬಂದು ಫೋನು ಆರಿಸಿ ಹೊತ್ತಿಸಿದರು. ಮೆಮೊರಿ ಕಾರ್ಡು ಕಿತ್ತು ಸೆರಗಿಗೆ ಒರೆಸಿ ಕೊಡು ಎಂದು ಹೆಂಡತಿ ಕೈಗೆ ಕೊಟ್ಟು, ಮತ್ತೆ ಹಾಕಿದರು. ಅದರಲ್ಲಿ ಹಳೆಯ ಹಾಡುಗಳನ್ನು ಬಿಟ್ಟರೆ ಏನೂ ಇರಲಿಲ್ಲ. ನಿಂತಲ್ಲಿ ನಿಲ್ಲಲಾಗದೆ, ಕೂತಲ್ಲಿ ಕೂರಲಾಗದೆ ಒಂದು ಗಂಟೆ ಹೀಗೇ ಕಳೆಯಿತು. ಕೊನೆಗೆ ಎಲ್ಲವನ್ನೂ ಹೆಂಡತಿಯ ಮುಂದೆ ಒಪ್ಪಿಸಿದರು.

"ನಂಬಿ ಕೊಟ್ಟು ಹೋದ ಕಣೆ ಅವನು," ಅಂದರು. "ಸಾಯ್ತೀನಿ ಅಂತ ಗೊತ್ತಿದ್ದೂ ಹೆಂಡ್ತಿ ಮಕ್ಕಳಿಗೆ ಕೊಡಲಿಲ್ಲ, ನನಗೆ ಕೊಟ್ಟ."

ಓವೈಸನನ್ನಾದರೂ ಕೇಳಿ ಎಂದರು ಗಿರಿಜಾಂಬ. ಮೂರೂ ಮುಕ್ಕಾಲಾಗಿತ್ತು. ಆ ಮಬ್ಬು ಚೌಕವನ್ನೇ ದೊಡ್ಡದು ಮಾಡಲು ಬರುತ್ತದೇನಪ್ಪ ಎಂದು ಅಪ್ಪಾಜಿ ಕೇಳಿದ್ದಕ್ಕೆ, ಮುಖ ಇದ್ದರೆ ತಾನೇ ದೊಡ್ಡದು ಮಾಡೋದು ಅಂದ ಅವನು. ಆಮೇಲೆ, ಎಲ್ಲಿಂದ ಅಳಿಸಿದ್ರಿ, ಗ್ಯಾಲರಿಯಿಂದಲಾ ಎಂದು ಕೇಳಿದ. ಹೌದು ಅಂದರು. ಡಬ್ಬಿಯೊಳಗೆ ನೋಡಿದ್ರಾ ಅಂದ.

ಅಪ್ಪಾಜಿಗೆ ಅರ್ಥವಾಗಲಿಲ್ಲ. ಡಬ್ಬಿಗೆ ಹಾಕಿದ ಮೇಲೆ ಮುಗಿಯಿತಲ್ಲ. ಪುರಸಭೆ ಗಾಡಿಗೆ ಸುರಿದದ್ದು ವಾಪಸ್ ಬರುತ್ತದೆಯೇ? ಬರುತ್ತೆ ಅಂದ ಓವೈಸ್. ಫೋನಿನ ಡಬ್ಬಿ ಒಂದು ತಿಂಗಳು ಎಲ್ಲವನ್ನೂ ಹಾಗೇ ಇಟ್ಟುಕೊಂಡಿರುತ್ತದೆ, ಆಮೇಲೇ ಬಿಸಾಡುವುದು. ಆದರೆ ಬೇಗ ಮಾಡಿ ಅಂದ. ಅವನ ತಂಗಿ ಸಾನಾಳ ನಿಶ್ಚಿತಾರ್ಥ ಇತ್ತು, ಚನ್ನಪಟ್ಟಣಕ್ಕೆ ಹೊರಡಬೇಕು. ಐದೂಕಾಲಿನ ಮಾಗಡಿ ಬಸ್ಸಿಗೆ ಪ್ರಿಂಟು ಕೊಡುವುದಾದರೆ ನಾಲ್ಕೂವರೆಗೆ ಫೋಟೋ ಅವನ ಕೈಲಿರಬೇಕು. ಅಪ್ಪಾಜಿ ಫೋನು ಹಿಡಿದು ಬಸ್ಸು ಹತ್ತಿದರೂ ಅಷ್ಟರೊಳಗೆ ರಾಮನಗರ ಮುಟ್ಟುವಂತಿರಲಿಲ್ಲ.

ಅವನು ಹೇಳಿಕೊಟ್ಟಂತೆ ಒತ್ತಿದರು. ಗಾಜು ಕುಯ್ದು ಕುಯ್ದು ಅಪ್ಪಾಜಿಯ ಬೆರಳ ತುದಿಗಳು ಎಷ್ಟು ಒರಟಾಗಿವೆಯೆಂದರೆ ಫೋನಿಗೆ ಅವು ಬೆರಳೆಂದೇ ಗೊತ್ತಾಗುವುದಿಲ್ಲ. ಕಿರುಬೆರಳಲ್ಲೇ ಎಲ್ಲ ವ್ಯವಹಾರ. ಡಬ್ಬಿ ತೆರೆಯಿತು. ಒಂಬೈನೂರು ಮುಖಗಳೂ ಅಲ್ಲಿದ್ದವು. ಒಂದೊಂದರ ಕೆಳಗೂ ಇನ್ನು ಎರಡು ದಿನ ಎಂದು ಬರೆದಿತ್ತು. ಎರಡು ದಿನ ತಡವಾಗಿದ್ದರೆ ಅಷ್ಟೂ ಜನ ಯಾರಿಗೂ ತಿಳಿಯದ ಹಾಗೆ ಹೊರಟುಹೋಗುತ್ತಿದ್ದರು. ಅಪ್ಪಾಜಿ ಒಂದೊಂದೇ ಸಾಲು ಸರಿಸುತ್ತಾ ಹೋದರು. ಹಾರ ಹಾಕಿಸಿಕೊಂಡ ಅಜ್ಜಿಯರು, ಪೊಲೀಸ್ ಟೋಪಿಯ ಯುವಕ, ಬಿಡದಿ ಫ್ಯಾಕ್ಟರಿಯ ಗುರುತಿನ ಚೀಟಿಯಿಂದ ಕತ್ತರಿಸಿದ ಮುಖ, ತೊಟ್ಟಿಲಲ್ಲಿದ್ದ ಒಂದು ಕೂಸು. ನಾಲ್ಕು ಗಂಟೆ ಐದು ನಿಮಿಷಕ್ಕೆ ದಾಸಪ್ಪ ಸಿಕ್ಕಿದ. ಹುಳ ಮನೆಯಲ್ಲಿ, ಹಣ್ಣಾದ ಹುಳ ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಂದ್ರಂಕಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಿ ತುಂಬ ನಗುತ್ತಾ ನಿಂತಿದ್ದ. ಅಪ್ಪಾಜಿ ಅವನನ್ನು ಹೊರಗೆ ತೆಗೆದು, ಉಸಿರು ಬಿಟ್ಟು, ಓವೈಸನಿಗೆ ಕಳಿಸಿದರು.

ಬಿಳಿ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಜಾಗ ಸಾಲದು, ಕಳಿಸಲಾಗದು ಎಂದು ಬಂತು. ಇನ್ನೊಮ್ಮೆ ಕಳಿಸಿದರು. ಅದೇ ಉತ್ತರ. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು.

ಓವೈಸನಿಗೆ ಮತ್ತೆ ಫೋನು ಹೋಯಿತು. ಅವನು ಹೇಳಿದ್ದು ಇಷ್ಟು. ಡಬ್ಬಿಯಲ್ಲಿರುವುದೂ ಫೋನಿನಲ್ಲೇ ಇರುವುದರಿಂದ ಒಂದಿಷ್ಟೂ ಜಾಗ ಬಿಟ್ಟಿಲ್ಲ. ದಾಸಪ್ಪ ಸಿಕ್ಕಿದನಲ್ಲ, ಡಬ್ಬಿಯಲ್ಲಿ ಉಳಿದವರನ್ನೆಲ್ಲ ಒಂದೇ ಸಲ ಖಾಲಿ ಮಾಡಿಬಿಡಿ, ಒಂದು ನಿಮಿಷದ ಕೆಲಸ. ಅದು ಬೇಡವೆಂದರೆ ಅಷ್ಟು ಜನರನ್ನೂ ಮೊದಲು ಹೊರಗೆ ತಂದು, ಗುಡ್ ಮಾರ್ನಿಂಗ್ ದೇವರುಗಳನ್ನು ಡಬ್ಬಿಗೆ ಹಾಕಿ ಖಾಲಿ ಮಾಡಬೇಕು. ಒಂದೊಂದನ್ನೇ ಆರಿಸುತ್ತಾ ಕೂರಲು ಹೊತ್ತಿಲ್ಲ, ನಡುವಿನ ದಾರಿ ಇಲ್ಲ.

ಖಾಲಿ ಮಾಡು ಅನ್ನುವ ಗುಂಡಿ ಕೆಂಪಗೆ ಕಾಣುತ್ತಿತ್ತು. ಅಪ್ಪಾಜಿಯ ಕಿರುಬೆರಳು ಅದರ ಮೇಲೆ ಹೋಗಿ ನಿಂತಿತು. ಒಂದು ಒತ್ತು ಒತ್ತಿದರೆ ಸಂಕಟ ಮುಗಿಯುತ್ತದೆ. ಈ ಒಂಬೈನೂರು ಜನರಲ್ಲಿ ಇನ್ನೆಷ್ಟು ದಾಸಪ್ಪಂದಿರಿದ್ದಾರೋ ಯಾರಿಗೆ ಗೊತ್ತು, ಯಾರ ಮನೆಯಲ್ಲಿ ಕಟ್ಟು ಬಿದ್ದು ಒಡೆದಿದೆಯೋ, ಯಾರ ಫೋನು ಕೆಟ್ಟಿದೆಯೋ. ಆದರೆ ಆ ಕಡೆ ನೋಡಿದರೆ ಶಿವ. ಬೆರಳು ಈ ಕಡೆಗೂ ಹೋಗಲಿಲ್ಲ, ಆ ಕಡೆಗೂ ಹೋಗಲಿಲ್ಲ. ಅಪ್ಪಾಜಿಯ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು.

ಗಿರಿಜಾಂಬ ದಾರದುಂಡೆ ಕೆಳಗಿಟ್ಟು ಪಕ್ಕ ಬಂದು ಕೂತರು. ಗಂಡನ ಅಂಗಿಯೊಳಗಿದ್ದ ಇಷ್ಟಲಿಂಗದ ಕರಡಿಗೆಯನ್ನು ಒಂದು ಬೆರಳಿಂದ ಮುಟ್ಟಿ ತೋರಿಸಿದರು.

"ಇಲ್ಲಿರೋನು ಹುಟ್ಟಿದಾಗಿನಿಂದ ಇಲ್ಲೇ ಅವ್ನೆ. ಒಂದಿನ ಜಾಗ ಸಾಲದು ಅಂದಿದ್ನಾ? ಆ ಮನುಷ್ಯರನ್ನ ಈಚೆಗೆ ತಗೀರಿ."

ಅಪ್ಪಾಜಿ ಚಪ್ಪಲಿ ಬಿಟ್ಟರು. ಎಲ್ಲ ಮರಳಿಸಿ, ಎಲ್ಲ ಅಳಿಸಿ ಅನ್ನುವ ಎರಡು ಗುಂಡಿಗಳೂ ಅಕ್ಕಪಕ್ಕ ಇದ್ದವು. ಗಿರಿಜಾಂಬ ಅಳಿಸುವ ಗುಂಡಿಯ ಮೇಲೆ, ಮುಟ್ಟದೆ, ನೆರಳು ಹಿಡಿದ ಹಾಗೆ ತಮ್ಮ ಹೆಬ್ಬೆರಳು ಅಡ್ಡ ಹಿಡಿದರು, ಅಪ್ಪಾಜಿ ಈ ಕಡೆಯದನ್ನು ಒತ್ತಿದರು. ಒಂಬೈನೂರು ಜನ ಹೊರಗೆ ಬಂದು ಬೇರೆಯೇ ಒಂದು ಆಲ್ಬಮ್ಮಿನಲ್ಲಿ ಸೇರಿಕೊಂಡರು. ಈಗ ದೇವರುಗಳ ಸರದಿ. ಅಪ್ಪಾಜಿ ಕಿರುಬೆರಳು ಎತ್ತದೆ ಎಳೆದರು. ಶಿವಗಳು, ಕೈಲಾಸಗಳು, ಎರಡು ಸಾವಿರದ ಮುನ್ನೂರು ಎಂದು ಫೋನು ಲೆಕ್ಕ ಹೇಳಿತು. ಡಬ್ಬಿಗೆ ಹಾಕಿದ ಮೇಲೆ, ಶಾಶ್ವತವಾಗಿ ಅಳಿಸಲೇ ಎಂದು ಅದು ಕೇಳಿದಾಗ ಅಭ್ಯಾಸಬಲದಿಂದ ಗಾಜಿನ ಮೇಲೆ ಒಂದು ಚಿಟಿಕೆ ವಿಭೂತಿ ಹಚ್ಚಿಬಿಟ್ಟರು. ಫೋನಿಗೆ ಬೆರಳು ತಿಳಿಯದಾಯಿತು. ಗಿರಿಜಾಂಬ ಗೊಣಗುತ್ತಾ ಸೆರಗಿನಿಂದ ಒರೆಸಿಕೊಟ್ಟರು. ಅಪ್ಪಾಜಿ ಕಣ್ಣು ಮುಚ್ಚಿ ಒತ್ತಿದರು.

ನಾಲ್ಕೂ ಇಪ್ಪತ್ತಾರಕ್ಕೆ ದಾಸಪ್ಪ ರಾಮನಗರಕ್ಕೆ ಹೋದ. ತಲುಪಿತೆಂದು ಎರಡು ಗೀಟು ಮೂಡಿದವು. ಅಪ್ಪಾಜಿ ಅವುಗಳನ್ನೇ ನೋಡುತ್ತಾ ಕೂತಿದ್ದಾಗ ಓವೈಸ್ ಫೋನು ಮಾಡಿದ. ಮೂಲೆಯಲ್ಲಿ ಒಂದು ಕಪ್ಪು ಮಚ್ಚೆ ಇದೆ, ಕತ್ತರಿಸಲಾ ಎಂದು ಕೇಳಿದ. ಬೇರೆ ದಿನವಾಗಿದ್ದರೆ ಅಪ್ಪಾಜಿಯೇ ಮೊದಲು ಹೇಳುತ್ತಿದ್ದರು. ಅಂಥ ಮಚ್ಚೆ ಉಳಿಸಿ ಕಟ್ಟು ಹಾಕುವುದು ಅವರ ಅಂಗಡಿಗೆ ಅವಮಾನ.

"ಬ್ಯಾಡ ಕಣಪ್ಪ," ಅಂದರು. "ಇವತ್ತು ಇನ್ನೇನನ್ನೂ ತಗೆಯೋದು ಬ್ಯಾಡ. ಇದ್ದಂಗೇ ಇರ್ಲಿ."

ಬಸ್ಸು ಬರುವವರೆಗೆ ಅವರಿಗೆ ಸಮಾಧಾನವಿಲ್ಲ. ಡ್ರೈವರ್ ಮರೆತರೆ, ಸುರುಳಿ ಮಡಿಸಿಬಿಟ್ಟರೆ ಎಂದು ಸ್ಟ್ಯಾಂಡಿನಲ್ಲೇ ಅತ್ತಿಂದಿತ್ತ ತಿರುಗಿದರು. ಪ್ರಿಂಟು ಬಂತು. ತೇಗದ ಪಟ್ಟಿ ಕೊಯ್ದು, ಗಾಜು ಎರಡೆರಡು ಸಲ ಒರೆಸಿ ಕಟ್ಟು ಹಾಕಿದರು, ಗಿರಿಜಾಂಬ ದಾರ ಕಟ್ಟಿದರು.

ಮಾರನೆಯ ಬೆಳಿಗ್ಗೆ ಅಪ್ಪಾಜಿ ಮೊದಲ ಬಸ್ಸಿನಲ್ಲಿ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದರು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡರು. ನಿನ್ನ ಗಂಡನನ್ನು ನಾನು ಕಳೆದುಬಿಟ್ಟಿದ್ದೆ ಕಣವ್ವ, ತಪ್ಪಾಯಿತು ಎಂದು ಹೇಳಿಬಿಡುವುದು. ಹೇಳದಿದ್ದರೆ ಅನ್ನ ಇಳಿಯುವುದಿಲ್ಲ. ದಾಸಪ್ಪನ ಮನೆಯಲ್ಲಿ ಚಪ್ಪರದ ಕೆಳಗೆ ಜನ ಸೇರಿದ್ದರು. ಚಿಕ್ಕಲಕ್ಷ್ಮಮ್ಮ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದಳು, ತಲೆಯ ಮೇಲೆ ಇಪ್ಪತ್ತೆರಡು ದೇವರು. ಅಪ್ಪಾಜಿ ಪೇಪರು ಬಿಚ್ಚಿ ಕಟ್ಟನ್ನು ಅವಳ ಮುಂದೆ ನಿಲ್ಲಿಸಿದರು.

ಅವಳು ಬಹಳ ಹೊತ್ತು ನೋಡಿದಳು. ಗಂಡನ ಮುಖ ಮುಟ್ಟಲಿಲ್ಲ. ಕೈ ಚಾಚಿ ಗಾಜಿನ ಮೂಲೆಯಲ್ಲಿದ್ದ ಆ ಕಪ್ಪು ಮಚ್ಚೆಯ ಮೇಲೆ ತನ್ನ ಹೆಬ್ಬೆಟ್ಟು ಇಟ್ಟಳು. ಸರಿಯಾಗಿ ಕೂತಿತು.

"ಇದು ನಂದು ಅಪ್ಪಾಜಿ," ಅಂದಳು. "ನಾನು ಜಲ್ಮದಲ್ಲಿ ತಗ್ದಿದ್ದು ಇದೊಂದೇ ಫೋಟೋ. ಫೋನು ತಲೆಕೆಳಗ್ಮಾಡಿ ಹಿಡ್ದಿದ್ದೆ, ಅದಕ್ಕೇ ಹಂಗೆ ನಗ್ತಾವ್ರೆ. ಹೆಬ್ಬೆಟ್ಟು ಅಡ್ಡ ಬಂದೈತೆ, ನೋಡ್ದೋರು ನಗ್ತಾರೆ, ಅಳಿಸಾಕ್ಬುಡಿ ಅಂತ ಜಗಳ ಆಡಿದ್ದೆ."

ಅಪ್ಪಾಜಿ ಜೋಡಿಸಿಕೊಂಡು ಬಂದ ಮಾತನ್ನು ಬಿಟ್ಟು, ಬಿಚ್ಚಿದ ಪೇಪರನ್ನು ಮಡಿಸತೊಡಗಿದರು. ಚಿಕ್ಕಲಕ್ಷ್ಮಮ್ಮ ಬೆರಳು ತೆಗೆಯಲಿಲ್ಲ.

"ಅಳಿಸ್ದೆ ಕಣೆ ಅಂದಿದ್ರು," ಅಂದಳು.